ಒಬ್ಬರೇ ಹಾಡಿದ ಭಜನಾ ಮಂಡಳಿ

ಸೀಡಿಗಳ ಕಾಲದಲ್ಲಿ ವಿಜಯನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಹಾಡು ರೆಕಾರ್ಡ್ ಮಾಡುತ್ತಿದ್ದೆ. ನಮ್ಮ ಬೀದಿಯ ಭಜನಾ ಮಂಡಳಿಯವರು ಸೀಡಿ ಮಾಡಿಸಲು ಬರಬೇಕಿತ್ತು. ಸೀಡಿ ಕವರಿನ ಫೋಟೊಗೆ ಎಲ್ಲರೂ ಉಡಬೇಕಾದ ಸೀರೆಯ ಬಣ್ಣದ ವಿಷಯಕ್ಕೆ ಜಗಳವಾಗಿ, ಮುಖ್ಯ ಗಾಯಕಿ ಆಂಟಿ ಒಬ್ಬರೇ ಬಂದರು.

“ಅವ್ರಿಲ್ದಿದ್ರೆ ದೇವ್ರಿಗೆ ಕಿವಿ ಕೇಳ್ಸಲ್ವಾ? ನೀನು ರೆಕಾರ್ಡ್ ಮಾಡಪ್ಪಾ,” ಎಂದು ಹಾಡಿಯೇಬಿಟ್ಟರು.

ನಾನು ಅದಕ್ಕೆ ಕೋರಸ್ ಎಫೆಕ್ಟ್ ಹಾಕಿದೆ. ಅದು ಒಂದು ಧ್ವನಿಯನ್ನು ಹಲವಾಗಿಸಿ, ಒಂದೊಂದನ್ನೂ ತುಸು ತಡವಾಗಿಸಿ, ಶ್ರುತಿಯನ್ನು ಅಲುಗಾಡಿಸುತ್ತದೆ. ಅಸಲಿ ಮಂಡಳಿ ಹಾಡುತ್ತಿದ್ದುದೂ ಹಾಗೆಯೇ.

ಗಣೇಶನ ಪೆಂಡಾಲಿನಲ್ಲಿ ಸೀಡಿ ಹಾಕಿದಾಗ, ಜಗಳವಾಡಿ ಬರದೇ ಇದ್ದವರಲ್ಲೊಬ್ಬರು ನನ್ನನ್ನು ಬದಿಗೆ ಕರೆದರು.

“ಪ್ರಾಕ್ಟೀಸಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದೇ ಹಾಕಿದೀಯ ಅಲ್ವಾ? ಚೆನ್ನಾಗಿದೆ. ನನ್ ವಾಯ್ಸ್ ಮಾತ್ರ ಕಮ್ಮಿ ಇಟ್ಟಿದೀಯ ಕಣೋ!”

“ಜಾಸ್ತಿ ಮಾಡ್ತೀನಿ ಆಂಟಿ,” ಎಂದೆ.