ಹೇಗಿದ್ದೀಯ ಎಂದು ಕೇಳುತ್ತಿದ್ದ ಡಾಕ್ಟರು

ಬಸ್ ಟಿಕೆಟ್ ಕಾದಿರಿಸುವ ವೆಬ್‌ಸೈಟಿನ ಸರ್ವರ್ ನೋಡಿಕೊಳ್ಳುತ್ತಿದ್ದವರಿಗೆ ಕಚೇರಿಯಲ್ಲಿ ಡಾಕ್ಟರು ಎಂದೇ ಹೆಸರು. ಹದಿನಾರು ವರ್ಷದ ಅನುಭವ. ಸರ್ವರ್ ಮಕಾಡೆ ಮಲಗಿದಾಗಲೆಲ್ಲ ಅವರದು ಒಂದೇ ಮದ್ದು: ಅದನ್ನು ಎಬ್ಬಿಸಿ ಕೂರಿಸಿ, 'ಹೇಗಿದ್ದೀಯ?' ಎಂದು ಗಳಿಗೆಗೊಮ್ಮೆ ವಿಚಾರಿಸುವ ಇನ್ನೊಂದು ಪುಟ್ಟ ಪ್ರೋಗ್ರಾಂ ಬರೆದಿಡುವುದು. ಹಳೆಯದನ್ನು ತೆಗೆಯುವ ಜಾಯಮಾನ ಅವರದಲ್ಲ. ಇಷ್ಟೆಲ್ಲ ಆರೈಕೆಯಾದರೂ ಈ ತಿಂಗಳು ಸರ್ವರ್ ದಿನಕ್ಕೆ ಮೂರು ಸಲ ಬೀಳತೊಡಗಿತು.

ಹೊಸದಾಗಿ ಸೇರಿದ್ದ ಇಂಜಿನಿಯರಮ್ಮ ಒಂದು ಬೆಳಿಗ್ಗೆ ಕೂತು, ಸರ್ವರ್ ಹತ್ತಿರ ಯಾರು ಯಾರು ಬಂದು ಹೋಗುತ್ತಾರೆಂದು ಎಣಿಸಿದಳು.

"ಸರ್, ನೂರು ಸಲ ಬಾಗಿಲು ತಟ್ಟಿದ್ರೆ ಅದ್ರಲ್ಲಿ ತೊಂಬತ್ತು ಸಲ ನಿಮ್ಮ ಪ್ರೋಗ್ರಾಂಗಳೇ. ಪಾಪ, ಉತ್ತರ ಹೇಳಿ ಹೇಳೀನೇ ಅದಕ್ಕೆ ಸುಸ್ತಾಗಿದೆ."

"ಅದು ಕಾಳಜಿ ಕಣಮ್ಮ," ಎಂದರು ಡಾಕ್ಟರು. ಆಮೇಲೆ ಮುಖ ಗಂಟು ಹಾಕಿಕೊಂಡು ತಾವು ಬರೆದಿಟ್ಟಿದ್ದ ನಲವತ್ತೊಂದು ಪ್ರೋಗ್ರಾಂಗಳನ್ನೂ ನಿಲ್ಲಿಸಿದರು.

ಸರ್ವರ್ ಆ ದಿನ ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಡಾಕ್ಟರಿಗೆ ಕೂತಲ್ಲಿ ಕೂರಲಾಗಲಿಲ್ಲ. ಮನೆಗೆ ಫೋನ್ ಮಾಡಿದರು.

"ಹೇಗಿದ್ದೀಯ?"

"ಚೆನ್ನಾಗಿದ್ದೀನಿ ಅಂತ ಆಗ್ಲೇ ಹೇಳಿದ್ನಲ್ರೀ. ಇದು ಐದನೇ ಸಲ," ಎಂದಳು ಹೆಂಡತಿ.

ಆರನೇ ಸಲ ಮಾಡಿದಾಗ ಅವಳ ಫೋನ್ ಸ್ವಿಚ್ ಆಫ್ ಆಗಿತ್ತು.