ಮೇಲಿನ ಹಿಡಿ ಗೂಡು ಮತ್ತು ಲೋಕಾಂತ್ಯದ ಲೆಕ್ಕ

೧೯೮೮ರಲ್ಲಿ ಏಳನೇ ತರಗತಿ ಮುಗಿಯಿತು, ನನ್ನ ಓದೂ ಮುಗಿಯಿತು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಒಂದು ಶೆಡ್ಡಿಗೆ ಸೇರಿ, ಗೂಡು ಬೇಯುವ ಬಿಸಿನೀರಿನ ಮುಂದೆ ಕೂತೆ. ಓದಿದ್ದರೆ ಏನಾಗುತ್ತಿದ್ದೆನೋ ಗೊತ್ತಿಲ್ಲ. ಓದದೆ ರೀಲರ್ ಆದೆ. ಇದನ್ನು ಹೇಳುವಾಗ ನನ್ನ ದನಿ ಎಂದೂ ತಗ್ಗಿದ್ದಿಲ್ಲ.

ನನ್ನ ಪಾಲುದಾರ ಮರಳವಾಡಿ ಕಡೆಯವನು, ಹುಟ್ಟಿನಿಂದ ಕ್ರೈಸ್ತ. ನಾನು ಒಕ್ಕಲು ಮನೆಯವನು. ಅದೇ ಶೆಡ್ಡಿನಲ್ಲಿ ಕೂಲಿಗಿದ್ದ ನಾವಿಬ್ಬರೂ ಸೇರಿ ಸ್ವಂತ ಘಟಕ ಹಾಕಿದೆವು. ಗೂಡು ಕೊಳ್ಳುವ ಹೊಣೆ ನನ್ನದು, ನೂಲು ಮಾರುವುದು ಅವನದು. ಭಾನುವಾರ ಅವನು ಪ್ರಾರ್ಥನೆಗೆ ಹೋದರೆ ಬಾಯ್ಲರ್ ನಾನು ನೋಡುತ್ತೇನೆ, ಗೌರಿ ಹಬ್ಬಕ್ಕೆ ನಾನು ಮನೆಯಲ್ಲಿದ್ದರೆ ಅವನು ನೋಡುತ್ತಾನೆ. ಇಷ್ಟು ವರ್ಷದಲ್ಲಿ ದೇವರ ವಿಷಯಕ್ಕೆ ನಮ್ಮ ನಡುವೆ ಮಾತು ಬೆಳೆದಿರಲಿಲ್ಲ.

ಕೊರೋನಾ ಕಳೆದ ಮೇಲೆ ಒಂದು ದಿನ ಅವನು ಬಂದು, "ನನ್ ಭಾಗ ಮಾರ್ಬುಡ್ತೀನಿ ಕಣ್ಲಾ. ಸೋಮವಾರ ಕನಕಪುರದೋರು ಮಿಷಿನ್ ನೋಡಾಕೆ ಬತ್ತಾರೆ" ಎಂದ.

"ಯಾಕ್ಲಾ, ಏನಾಯ್ತು?"

"ಕರ್ತನ ಬರೋಣ ಹತ್ರ ಐತೆ. ಯೇಸು ತಿರ್ಗಾ ಬತ್ತಾನೆ, ಲೋಕ ಮುಗೀತದೆ. ಇನ್ನೇನು ಮಿಷಿನ್ನು, ಇನ್ನೇನು ನೂಲು."

ಹೊರಗಿನಿಂದ ಬಂದಿದ್ದ ಬೋಧಕರೊಬ್ಬರು ಒಂದು ಪುಸ್ತಿಕೆ ಹಂಚಿದ್ದರು. ಅಂತ್ಯಕಾಲಕ್ಕೆ ಏಳು ಗುರುತು ಎಂದು ಅದರಲ್ಲಿತ್ತು. ಯುದ್ಧ, ಬರ, ಮಹಾರೋಗ, ಭೂಕಂಪ, ಹೀಗೆ. ಒಂದು ಕಾಲದಲ್ಲಿ ಒಂದು ಗುರುತು ಕಾಣುವ ಸಂಭವ ಹತ್ತರಲ್ಲಿ ಒಂದು ಎಂದಿಟ್ಟುಕೊಂಡರೆ, ಏಳೂ ಒಟ್ಟಿಗೆ ಕಾಣುವುದು ಕೋಟಿಯಲ್ಲಿ ಒಂದು. ಅದು ಈಗ ಆಗಿದೆ, ಆದ್ದರಿಂದ ಇದು ಆಕಸ್ಮಿಕವಲ್ಲ ಎಂಬುದು ಪುಸ್ತಿಕೆಯ ವಾದ. ಗುಣಾಕಾರವನ್ನು ಮೊಬೈಲಿನಲ್ಲಿ ಮಾಡಿ ನೋಡಿದೆ, ಸರಿಯಾಗಿಯೇ ಇತ್ತು. ಆದರೂ ಎಲ್ಲೋ ಏನೋ ತಪ್ಪಿದೆ ಎಂದು ಮನಸ್ಸು ಹೇಳುತ್ತಿತ್ತು. ಎಲ್ಲಿ ಎಂದು ತೋರಿಸಲು ಬರಲಿಲ್ಲ. ಅವನ ಭಾಗ ಕೊಳ್ಳುವ ಶಕ್ತಿ ನನಗಿರಲಿಲ್ಲ. ಅವನು ಹೋದರೆ ಶೆಡ್ಡಿಗೆ ಬೀಗ.

ಉತ್ತರ ಸಿಕ್ಕಿದ್ದು ಗೂಡಿನ ಮಾರುಕಟ್ಟೆಯಲ್ಲಿ. ವಾರದಿಂದ ಮಳೆ ಹಿಡಿದಿತ್ತು. ಆವತ್ತು ಅವನನ್ನೂ ಎಳೆದುಕೊಂಡು ಹೋಗಿದ್ದೆ. ಮಾಗಡಿಯ ಕಲ್ಯದ ಕಡೆಯಿಂದ ಹರಾಜಿಗೆ ಬಂದ ಒಂದು ಲಾಟು ಗೂಡಿನ ರಾಶಿ ನೋಡುತ್ತಾ ಕೇಳಿದೆ. "ಇದ್ರಲ್ಲಿ ಏನೇನು ಕೆಟ್ಟೈತೆ ಯೋಳು."

ಅವನು ಎರಡು ಗೂಡು ಹಿಸುಕಿ ನೋಡಿದ. "ಹುಳಕ್ಕೆ ಹಾಕಿದ್ ಸೊಪ್ಪು ನೆಂದಿತ್ತು. ಹುಳಕ್ಕೆ ರೋಗ ಬಂದೈತೆ. ಗೂಡು ತೆಳು. ನೂಲು ಕಿತ್ತೋಯ್ತದೆ."

"ನಾಲ್ಕು ಕೇಡಾಯ್ತು. ಒಂದೊಂದೂ ಹತ್ತಕ್ಕೊಂದು ಅಂತಿಟ್ಕೋ. ಅಂಗಾರೆ ಇಂಥ ಲಾಟು ಹತ್ತು ಸಾವಿರಕ್ಕೊಂದು ಬರ್ಬೇಕಲ್ವಾ?"

"ತಲೆ ನೆಟ್ಟಗೈತಾ ನಿಂಗೆ? ಮಳೆಗಾಲ್ದಲ್ಲಿ ದಿನಾ ಬತ್ತವೆ."

"ಯಾಕೆ?"

"ಒಂದೇ ಮಳೆ ನಾಲ್ಕನ್ನೂ ಕೆಡಿಸ್ತದೆ" ಎಂದವನು, ಕೈಯಲ್ಲಿದ್ದ ಗೂಡನ್ನು ಕೆಳಗಿಡದೆ ನನ್ನ ಮುಖ ನೋಡಿದ.

ನಾನು ಬಿಡಲಿಲ್ಲ. ಯುದ್ಧವಾದರೆ ಬೆಳೆ ನಿಲ್ಲುತ್ತದೆ, ಬೆಳೆ ನಿಂತರೆ ಹಸಿವು, ಹಸಿದ ಮೈಗೆ ರೋಗ. ಒಂದರ ಹಿಂದೆ ಒಂದು ಬರುವವುಗಳನ್ನು ಬೇರೆ ಬೇರೆ ಎಂದು ಗುಣಿಸಿದರೆ ಕೋಟಿ ಬಾರದೆ ಏನು ಬರುತ್ತದೆ ಎಂದೆ.

"ಭೂಕಂಪ? ಅದನ್ನೂ ಯುದ್ಧ ತತ್ತದಾ?"

"ಭೂಮಿ ಎಷ್ಟು ದೊಡ್ದೈತೆ. ಇವತ್ತು ಈ ಮಾರ್ಕೆಟ್ಟಲ್ಲಿ ಎಲ್ಲೋ ಒಂದು ಜಳ್ಳು ಗೂಡು ಸಿಗ್ತದೆ ಅಂತ ಯೋಳಿದ್ರೆ ನನ್ನ ಜೋಯಿಸ ಅಂತೀಯಾ? ಯಾವ ಲಾಟು, ಯಾವ ಮೂಲೆ ಅಂತ ಮೊದ್ಲೇ ಯೋಳ್ಬೇಕು."

ಆಮೇಲೆ ಅವನ ಕೈ ಹಿಡಿದು ಗೂಡಿನ ರಾಶಿಯ ತಳಕ್ಕೆ ಇಳಿಸಿದೆ. ಮೇಲಿನ ಹಿಡಿ ನೋಡಿ ಯಾವ ರೀಲರೂ ಲಾಟಿಗೆ ಬೆಲೆ ಕೂಗುವುದಿಲ್ಲ. ಚೆನ್ನಾದ ಗೂಡು ಮೇಲೆ ಬಂದಿರುತ್ತದೆ ಎಂದು ನಮಗೆ ಗೊತ್ತು. ಪುಸ್ತಿಕೆಯೂ ಹಾಗೆಯೇ ಎಂದೆ. ಈ ಕಾಲಕ್ಕೆ ಹೊಂದಿದ ಗುರುತುಗಳು ಮೇಲಿದ್ದವು. ಹೊಂದದ ಗುರುತುಗಳು ಎಷ್ಟಿದ್ದವೋ, ಇದೇ ಗುರುತು ಕಂಡೂ ಲೋಕ ಮುಗಿಯದೆ ಹೋದ ಕಾಲಗಳು ಎಷ್ಟಿದ್ದವೋ, ಅವೆಲ್ಲ ತಳದಲ್ಲಿದ್ದವು. ನಮ್ಮಜ್ಜಿ ಹೇಳುತ್ತಿದ್ದಳು: ಪ್ಲೇಗು ಬಂದು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದು, ದೂರದಲ್ಲೆಲ್ಲೋ ದೊಡ್ಡ ಯುದ್ಧ, ರಾಗಿ ಸಿಗದೆ ಗೆಣಸು ತಿಂದದ್ದು. "ಅವ್ರಿಗೂ ಯಾರಾದ್ರೂ ಈ ಪುಸ್ತಕ ಕೊಟ್ಟಿದ್ರೆ ಕೋಟಿಗೊಂದೇ ಬತ್ತಿತ್ತು" ಎಂದೆ.

ಅವನ ಮುಖ ಬಿಗಿಯಿತು. "ಅಂಗಾರೆ ಕರ್ತ ಬರಾಕಿಲ್ಲ ಅಂತೀಯಾ?"

"ನಾನೆಲ್ಲಿ ಅಂಗಂದೆ? ನಾಳೆನೇ ಬರ್ಬೋದು. ಅದು ನಿನ್ ನಂಬಿಕೆ, ಅದ್ರ ತಂಟೆ ನಂಗೆ ಬ್ಯಾಡ. ಈ ಲೆಕ್ಕ ನೆಚ್ಕೊಂಡು ಮಿಷಿನ್ ಮಾರ್ಬ್ಯಾಡ ಅಂದೆ ಅಷ್ಟೆ."

ಹೊರಗೆ ಬಂದು ಟೀ ಅಂಗಡಿಯಲ್ಲಿ ನಿಂತೆವು. ಟೀ ಅರ್ಧ ಕುಡಿದ ಮೇಲೆ ಅವನು ಕೇಳಿದ. "ನೀನು ಕಂಡ್ ಕಂಡೋರ್ಗೆಲ್ಲಾ ಯೋಳ್ತೀಯಲ್ಲ, ಇಸ್ಕೂಲ್ ಬುಟ್ಟೆ, ಬೆವರು ಸುರಿಸ್ದೆ, ಮೇಲಕ್ಕೆ ಬಂದೆ ಅಂತ. ನಮ್ ಜೊತೆ ಕೂತಿದ್ದೋರು ಸುರಿಸ್ಲಿಲ್ವಾ? ಕೈ ಬೆಂದೋಗಿ ಊರಿಗೆ ವಾಪಸ್ ಹೋದ್ರಲ್ಲ, ಅವ್ರು ಯಾವ ತಳದಲ್ಲವ್ರೆ?"

ನನಗೆ ಸಿಟ್ಟು ಬಂತು. ಆದರೂ ಅವನ ಮಾತು ನಿಜವಾಗಿತ್ತು. ಆ ಹಳೇ ಶೆಡ್ಡಿನಲ್ಲಿ ನನಗಿಂತ ಚುರುಕಾಗಿ ಎಳೆ ಹಿಡಿಯುತ್ತಿದ್ದ ದೊಡ್ಡಆಲಹಳ್ಳಿಯವನೊಬ್ಬ ಇದ್ದ. ಒಂದೇ ವರ್ಷಕ್ಕೆ ಕೈ ಕೆಟ್ಟು ಹೋದ. ಅವನು ಈಗ ಎಲ್ಲಿದ್ದಾನೋ ನನಗೆ ತಿಳಿಯದು.

"ಅದೃಷ್ಟನೂ ಒಸಿ ಇತ್ತು ಅಂತಿಟ್ಕೋ" ಎಂದೆ. "ಅಂಗಂತ ನನ್ ಬೆವರು ಸುಳ್ಳಾಗಾಕಿಲ್ಲ."

"ಲೆಕ್ಕ ಸುಳ್ಳಾದ್ರೂ ನನ್ ನಂಬಿಕೆನೂ ಸುಳ್ಳಲ್ಲ" ಎಂದು ಅವನು ನಕ್ಕ. ಲೋಟ ಕೆಳಗಿಟ್ಟು ಕನಕಪುರದವರಿಗೆ ಫೋನ್ ಮಾಡಿದ. "ಸೋಮವಾರ ಬರ್ಬ್ಯಾಡಿ ಸಾಮಿ. ಮಿಷಿನ್ ಕೊಡಾಕಿಲ್ಲ."

ಇಂದಿಗೂ ಅವನು ಪ್ರಾರ್ಥನೆ ತಪ್ಪಿಸುವುದಿಲ್ಲ. ಬರೋಣ ಹತ್ತಿರವಿದೆ ಎಂದೇ ಹೇಳುತ್ತಾನೆ, ಕೋಟಿಯ ಮಾತು ಮಾತ್ರ ಎತ್ತುವುದಿಲ್ಲ. ನಾನೂ ನನ್ನ ಕತೆ ಹೇಳುವುದನ್ನು ಬಿಟ್ಟಿಲ್ಲ. ಆ ದೊಡ್ಡಆಲಹಳ್ಳಿಯವನನ್ನು ಈಗ ಅದರಲ್ಲಿ ಸೇರಿಸಿ ಹೇಳುತ್ತೇನೆ. ಹೆಮ್ಮೆ ಅದರಿಂದೇನೂ ಕಡಿಮೆಯಾಗಿಲ್ಲ.

ಈಗ ಶೆಡ್ಡು ಒಂದು, ಬಾಯ್ಲರ್ ಒಂದು, ಮಿಷಿನ್ ಎರಡು. ಇವುಗಳಲ್ಲಿ ಅರ್ಧ ನನ್ನದು. ಪೂರ್ತಿ ನನ್ನದೆಂದರೆ ಮನೆ ಒಂದು, ಸ್ಕೂಟರ್ ಒಂದು.