ರನ್‌ವೇ ಬದಿಯ ಬಾಳೆಎಲೆ

ಚೆನ್ನಯಣ್ಣನದು ಕಾಗೆ ಓಡಿಸುವ ಕೆಲಸ ಎಂದು ನಮ್ಮ ಘಾಟ್ಕೋಪರ್ ಚಾಳಿನಲ್ಲಿ ಎಲ್ಲರೂ ನಗುತ್ತಿದ್ದರು. ನಾನೂ ನಕ್ಕವನೇ. ಉಡುಪಿ ಕಡೆಯಿಂದ ಬಂದವರೆಲ್ಲ ಹೋಟೆಲು ಸೇರಿದರೆ, ಈ ಮನುಷ್ಯ ಚಿಕ್ಕ ವಿಮಾನಗಳ ಒಂದು ನಿಲ್ದಾಣ ಸೇರಿದ. ಇಪ್ಪತ್ತೆರಡು ವರ್ಷ ರನ್‌ವೇ ಬದಿಯಲ್ಲಿ ಪಟಾಕಿ ಹೊಡೆದು ಹಕ್ಕಿಗಳನ್ನು ಎಬ್ಬಿಸಿದ. ಅವನಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ.

"ವಿಮಾನ ಬೀಳಲಿಕ್ಕೆ ಒಂದು ಕಾಗೆ ಸಾಕು ಮಾರಾಯ. ಮೇಲೆ ಹೋದ ಮೇಲಾದರೆ ಪೈಲಟಿಗೆ ಸ್ವಲ್ಪ ಸಮಯ ಉಂಟು. ಏಳುವಾಗ ಎಂತದೂ ಇಲ್ಲ," ಎನ್ನುತ್ತಿದ್ದ.

ಮಕ್ಕಳಿಲ್ಲದ ಮನೆ. ಅವನ ಡ್ಯೂಟಿ ಮುಗಿಯುವ ಹೊತ್ತಿಗೆ ನೆಲೆಯಿಲ್ಲ. ಹೆಂಡತಿ ಚಂಪಕ್ಕ ಕಾದು ಕಾದು ಉಣ್ಣಲು ಕೂತಾಗಲೇ ಬಂದು ಬಾಗಿಲು ತಟ್ಟುತ್ತಿದ್ದ. ಅವಳು ಬಟ್ಟಲು ಬಿಟ್ಟೆದ್ದು ಸಾರು ಬಿಸಿಗಿಡುತ್ತಿದ್ದಳು. ಅವಳ ಮಣೆ ಸರಿಯುವ ಸದ್ದು ಗೋಡೆಯಾಚೆ ನನಗೆ ಕೇಳುತ್ತಿತ್ತು. 'ಮೊದಲು ನೀನು ಉಂಡು ಮುಗಿಸು' ಎಂದು ಈ ಮಹಾರಾಯ ಒಂದು ದಿನವಾದರೂ ಹೇಳಿದ್ದು ಕೇಳಲಿಲ್ಲ.

ಹೋದ ಚಳಿಗಾಲದಲ್ಲಿ ಚಂಪಕ್ಕ ಜ್ವರ ಬಂದು ತೀರಿಕೊಂಡಳು. ಹದಿಮೂರನೆಯ ದಿನ ಟೆರೇಸಿನಲ್ಲಿ ಅವಳ ಹೆಸರಿನ ಎಲೆ ಇಟ್ಟೆವು. ಅನ್ನ, ಅವಳಿಗೆ ಇಷ್ಟವಾದ ಬಂಗುಡೆ ಮೀನಿನ ಗಸಿ. ಕಾಗೆ ಬಂದು ಎಲೆ ಮುಟ್ಟಿದರೆ ಸತ್ತವರು ಉಂಡ ಹಾಗೆ, ಮುಟ್ಟದಿದ್ದರೆ ಹಸಿದು ಹೋದ ಹಾಗೆ ಎಂಬುದು ನಮ್ಮವರ ನಂಬಿಕೆ. ನೀರಿನ ಟ್ಯಾಂಕಿನ ಮೇಲೆ ಕಾಗೆಗಳು ಸಾಲಾಗಿ ಕೂತವು. ಒಂದೂ ಇಳಿಯಲಿಲ್ಲ. ಬಿಸಿಲು ಏರಿತು, ಅನ್ನ ಒಣಗಿತು.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಇಷ್ಟು ವರ್ಷ ಓಡಿಸಿದ್ದೀರಿ ಚೆನ್ನಯಣ್ಣ, ಈಗ ಕರೆದ್ರೆ ಬರ್ತವಾ?" ಎಂದುಬಿಟ್ಟೆ. ಆ ಮಾತಿಗೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಅವನು ಸಿಟ್ಟಾಗಲಿಲ್ಲ. ಓಡಿಸಿದ ಕಡೆಯೇ ಹೋಗಿ ಕರೆಯಬೇಕೆಂದು ತೀರ್ಮಾನಿಸಿದ. ಮಾರನೆಯ ಬೆಳಿಗ್ಗೆ ಅದೇ ಅಡಿಗೆ ತಾನೇ ಮಾಡಿ ಡಬ್ಬಿಗೆ ತುಂಬಿಕೊಂಡು ಡ್ಯೂಟಿಗೆ ಹೋದ. ರನ್‌ವೇ ಹತ್ತಿರ ಒಂದು ಬಿಸ್ಕತ್ತಿನ ಚೂರು ಬಿದ್ದರೂ ಹೆಕ್ಕುವ ಮನುಷ್ಯ, ಅಲ್ಲಿಯ ಹುಲ್ಲಿನ ಮೇಲೆ ಬಾಳೆಎಲೆ ಹಾಸಿ ಅನ್ನ ಬಡಿಸಿದ, ದೂರ ಸರಿದು ಕೈಮುಗಿದು ನಿಂತ.

ಒಂದು ಕಾಗೆ ಇಳಿಯಿತು. ಎಲೆ ಮುಟ್ಟಿತು. ಅಷ್ಟರಲ್ಲಿ ಒಂಬತ್ತು ಜನರನ್ನು ಹೊತ್ತ ಪುಟ್ಟ ವಿಮಾನ ಏಳಲು ಓಡತೊಡಗಿತು. ಇಪ್ಪತ್ತೆರಡು ವರ್ಷ ಪಳಗಿದ ಕೈ, ಅವನನ್ನು ಕೇಳಲಿಲ್ಲ. ಪಟಾಕಿ ಹೊಡೆಯಿತು. ಬೆದರಿದ ಕಾಗೆ ಎದ್ದು ನೇರವಾಗಿ ಪ್ರೊಪೆಲರಿಗೆ ಹೋಗಿ ಬಡಿಯಿತು.

ಪೈಲಟ್ ಬ್ರೇಕ್ ಹಾಕಿದ. ವಿಮಾನ ರನ್‌ವೇಯ ಕೊನೆಯಲ್ಲಿ ಹೇಗೋ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಕಾಗೆಯನ್ನು ಹೆಕ್ಕಿ ಚೀಲಕ್ಕೆ ಹಾಕುವುದೂ ಚೆನ್ನಯಣ್ಣನದೇ ಕೆಲಸ. ಹಾಕಿದ.

ಸೂಪರ್‌ವೈಸರ್ ಹಿತೇಶ್ ನಮ್ಮವರ ಹುಡುಗನೇ, ಇಲ್ಲೇ ಹುಟ್ಟಿದವನು. ರಿಪೋರ್ಟು ಮುಂದಿಟ್ಟು, "ಅಂಕಲ್, ಪಕ್ಷಿ ಯಾಕೆ ಬಂತು ಮಾಲೂಮ್ ಇಲ್ಲ ಅಂತ ಬರೀರಿ. ಬಸ್, ಖತಂ," ಎಂದನಂತೆ. ಚೆನ್ನಯಣ್ಣ 'ಅನ್ನ ಇಟ್ಟವನು ನಾನು' ಎಂದು ಬರೆದು ಸಹಿ ಹಾಕಿದ. ಕೆಲಸ ಹೋಯಿತು.

ಈಗ ಗೋಡೆಯಾಚೆ ಮಣೆ ಸರಿಯುವ ಸದ್ದಿಲ್ಲ, ಬಾಗಿಲು ತಟ್ಟುವ ಸದ್ದೂ ಇಲ್ಲ. ಮೊನ್ನೆ ತಡೆಯಲಾರದೆ ಒಳಗೆ ಹೋದೆ. ಮುಂದೆ ಬಟ್ಟಲಿಟ್ಟುಕೊಂಡು ಉಣ್ಣದೆ ಕೂತಿದ್ದ.

"ಕೆಲಸ ಹೋದ್ರೆ ಹೋಯ್ತು ಚೆನ್ನಯಣ್ಣ. ಎಲೆ ಮುಟ್ಟಿತಲ್ಲ, ಚಂಪಕ್ಕ ಉಂಡ್ರಲ್ಲ," ಎಂದೆ.

"ಒಂದು ತುತ್ತು ಉಂಡ್ಲು ಮಾರಾಯ," ಎಂದ. "ಎರಡನೆಯದಕ್ಕೆ ಬಗ್ಗಿದ್ಲು. ಆವತ್ತೂ ನಾನೇ ಎಬ್ಬಿಸಿದೆ."